ವೈರು ಕಿತ್ತರೂ ಸರಿಯದ ಗೆರೆ

ಅವರು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ನಾಲ್ಕು ದಿನ ತಡವಾಗಿ. ಭಾಲ್ಕಿಯ ನನ್ನ ಅಂಗಡಿಯಲ್ಲಿ ಯಾರದೋ ಮನೆಯ ಪ್ಲಾನ್ ಪ್ರಿಂಟ್ ತೆಗೆಯುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ಬೀದರದಿಂದ ಮಾತಾಡ್ತೇನ್ರಿ. ಅಪ್ಪಾರ ಮೊಬೈಲಿನಾಗ ನಿಮ್ಮ ನಂಬರ್ 'ಭಾಲ್ಕಿ ಮೇಡಂ' ಅಂತ ಅದ. ಯಾವ್ದೋ ಸಾಲಿ ಟೀಚರ್ ಇರ್ಬೇಕು ಅನಕೊಂಡು ಸುಮ್ಮನಿದ್ದೆವ್ರಿ. ಇವತ್ತ ಅವ್ವ ಹೇಳಿದಳು, ಆಕಿ ಆಫೀಸಿನಾಗ ಕೂಡ ಇದ್ದಾಕಿ, ತಿಳಿಸು ಅಂತ."

ನಾನು ಟೀಚರೂ ಅಲ್ಲ, ಮೇಡಂ ಎನ್ನಿಸಿಕೊಳ್ಳುವಂಥ ಹುದ್ದೆಯಲ್ಲೂ ಇರಲಿಲ್ಲ. ನಾನು ಆ ಆಫೀಸಿಗೆ ಸೇರಿದಾಗ ನನಗೆ ಇಪ್ಪತ್ತಮೂರು, ಅವರಿಗೆ ಅರವತ್ತು ದಾಟಿತ್ತು. ಆದರೂ ಮೊದಲ ದಿನದಿಂದ ಕೊನೆಯ ದಿನದವರೆಗೆ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸಿದರು. ನನ್ನನ್ನಷ್ಟೇ ಅಲ್ಲ. ಆಫೀಸಿನ ಮೆಟ್ಟಿಲ ಮೇಲೆ ಒಂದು ಕೆಂಚ ನಾಯಿ ಮಲಗುತ್ತಿತ್ತು. ಅದಕ್ಕೂ "ಸ್ವಲ್ಪ ಸರೀರಿ" ಎಂದು ಹೇಳಿ, ಅದು ಸರಿದ ಮೇಲೆಯೇ ಹತ್ತಿ ಬರುತ್ತಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಆಫೀಸಿನ ಮಾಲೀಕರೂ ಹಾಗೇ ಕರೆಯುತ್ತಿದ್ದರು.

ಬೀದರಿನಲ್ಲಿ ಒಬ್ಬ ಖಾಸಗಿ ಸರ್ವೇಯರ್ ನಡೆಸುತ್ತಿದ್ದ ಪುಟ್ಟ ಆಫೀಸು ಅದು. ಹೊಲದ ಬದು ಅಳಿಸಿಹೋದವರು, ಅಣ್ಣತಮ್ಮಂದಿರಲ್ಲಿ ಹೊಲ ಹಂಚಿಕೊಂಡು ವಾಟಣಿ ಮಾಡಿಕೊಳ್ಳುವವರು ತಮ್ಮ ಮನೆಯ ಟ್ರಂಕಿನಲ್ಲಿದ್ದ ಹಳೆಯ ಕೈಬರಹದ ನಕ್ಷೆ ತರುತ್ತಿದ್ದರು. ಕೆಲವು ಬಟ್ಟೆಯ ಮೇಲೆ ಅಂಟಿಸಿದವು, ಕೆಲವು ಮುಟ್ಟಿದರೆ ಉದುರುವಂಥವು. ಎಷ್ಟೋ ನಕ್ಷೆಗಳಲ್ಲಿ ಅಳತೆಯ ಅಂಕಿಯೇ ಇರುತ್ತಿರಲಿಲ್ಲ. ಗೆರೆಯ ಉದ್ದವೇ ಅಳತೆ. ಅದನ್ನು ಕಂಪ್ಯೂಟರಿಗೆ ಇಳಿಸಿ ಹೊಸ ಪ್ರತಿ ಮಾಡಿಕೊಡುವುದು ನಮ್ಮ ಕೆಲಸ. ಅದಕ್ಕೆಂದು ಒಂದು ಡ್ರಾಯಿಂಗ್ ಟ್ಯಾಬ್ಲೆಟ್ ಇತ್ತು. ಕರೀ ಹಲಗೆ, ಜೊತೆಗೊಂದು ಪೆನ್ನು. ಹಲಗೆಯ ಮೇಲೆ ನಕ್ಷೆ ಇಟ್ಟು ಗೆರೆಯ ಮೇಲೆ ಪೆನ್ನು ಆಡಿಸಿದರೆ ಪರದೆಯ ಮೇಲೆ ಅದೇ ಗೆರೆ ಮೂಡುತ್ತದೆ. ಕಾಕಾ ಅದನ್ನು ಪಾಟಿ ಎಂದು ಕರೆಯುತ್ತಿದ್ದರು.

ಅವರು ಔರಾದ್ ಕಡೆಯವರು. ನಾಲ್ಕನೆಯ ತರಗತಿಯವರೆಗೆ ಮರಾಠಿ ಸಾಲಿ, ಆಮೇಲೆ ಕನ್ನಡ. ಮೂವತ್ತು ವರ್ಷಕ್ಕೂ ಮಿಕ್ಕಿ ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ನಕ್ಷೆ ಬರೆದು, ನಿವೃತ್ತರಾದ ಮೇಲೆ ಈ ಆಫೀಸಿಗೆ ಬಂದಿದ್ದರು. ಉರ್ದುವಿನಲ್ಲಿ ಬರೆದ ಹಳೇ ನಕ್ಷೆಗಳನ್ನು ನೋಡಿ ನೋಡಿ ಆ ಅಕ್ಷರವನ್ನೂ ಕಲಿತಿದ್ದರು. ಹೆಸರು ಬರೆದರೆ ಅಚ್ಚು ಹಾಕಿದಂತೆ. ಮುಂಜಾನೆ ಮೈಲೂರಿನ ಮನೆಯಿಂದ ನಡೆದೇ ಬರುತ್ತಿದ್ದರು, "ಜೈ ಭೀಮ್ ರಿ" ಎಂದು ಎಲ್ಲರಿಗೂ ಕೈಮುಗಿದು, ಕೈ ತೊಳೆದು, ಒರೆಸಿ, ಒಣಗುವವರೆಗೆ ಕಾದು ಆಮೇಲೆ ಕುರ್ಚಿಗೆ ಕೂರುತ್ತಿದ್ದರು. ಹೊಗಳಿಕೆಯಲ್ಲಿ ಮಹಾ ಜಿಪುಣ. ನಾನು ಎಷ್ಟೇ ಚೆನ್ನಾಗಿ ಬರೆದರೂ "ನಡೀತದ್ರಿ" ಅನ್ನುವುದಕ್ಕಿಂತ ಹೆಚ್ಚಿನ ಮಾತು ಅವರ ಬಾಯಿಂದ ಬಂದದ್ದಿಲ್ಲ. ಸೀಲಿಂಗ್ ಫ್ಯಾನಿಗೂ ಅವರಿಗೂ ವೈರ. ಕಾಗದ ಅಲುಗಾಡುತ್ತದೆಂದು ಬೇಸಿಗೆಯಲ್ಲೂ ಬಂದ್ ಮಾಡಿಸಿ ನಮ್ಮನ್ನೆಲ್ಲ ಬೇಯಿಸುತ್ತಿದ್ದರು.

ಒಮ್ಮೆ ಜನವಾಡದಿಂದ ಒಬ್ಬರು ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದರು. ಮಾಲೀಕರು ಇರಲಿಲ್ಲ. ಆ ಮನುಷ್ಯ ಕಾಕಾರ ಪಕ್ಕ ಕುಳಿತು ದನಿ ತಗ್ಗಿಸಿ, "ಗೆರಿ ಬಾವಿ ಕಡಿ ಅರ್ಧ ಬಟ್ಟು ಸರಸ್ರಿ ಕಾಕಾ, ಯಾರಿಗೇನು ತ್ರಾಸ ಅದ?" ಎಂದರು. ಕಾಕಾ ಡಬ್ಬಿಯನ್ನು ಎರಡೂ ಕೈಯಿಂದ ಅವರ ಮಡಿಲಿಗೆ ವಾಪಸ್ ಇಟ್ಟು, "ನನಗ ಶುಗರ್ ಅದ್ರಿ" ಎಂದರು. ಆಮೇಲೆ, ಬಂದವರಿಗೆ ಅವಮಾನ ಆಗಬಾರದೆಂಬ ಹಾಗೆ ನಿಧಾನಕ್ಕೆ ಹೇಳಿದರು: "ನೋಡ್ರಿ, ನಮ್ಮ ಅಪ್ಪಗ ಹೊಲ ಇರ್ಲಿಲ್ಲ, ಅಜ್ಜಗ ಇರ್ಲಿಲ್ಲ, ನನಗೂ ಇಲ್ಲ. ಮಂದಿ ಹೊಲದಾಗೇ ದುಡದು ಬೆಳದೋರು ನಾವು. ಅದಕ್ಕ ನನ್ನ ಗೆರಿ ಯಾರ ಕಡೀನೂ ವಾಲಂಗಿಲ್ಲ. ವಾಲಾಕ ಅದಕ್ಕ ಕಡೀನೇ ಇಲ್ಲ."

ಆ ಮನುಷ್ಯ ಚಹಾ ಕುಡಿದು ಎದ್ದು ಹೋದರು. ನನಗೆ ಆ ಹೊತ್ತು ಅದು ಬರೀ ಚಂದದ ಮಾತಾಗಿ ಕೇಳಿಸಿತ್ತು. ಅದರ ತೂಕ ಗೊತ್ತಾದದ್ದು ನಾನೇ ತಪ್ಪು ಮಾಡಿದ ಮೇಲೆ.

ನಮ್ಮ ಕಂಪ್ಯೂಟರುಗಳು ಹಳೆಯವು, ಅವುಗಳಲ್ಲಿ ಇದ್ದದ್ದು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ. ಮಾಲೀಕರ ಗೆಳೆಯರೊಬ್ಬರು ಹಾಕಿಕೊಟ್ಟು ಹೋಗಿದ್ದರು. ಪಾಟಿಯ ಆಕಾರಕ್ಕೂ ಪರದೆಯ ಆಕಾರಕ್ಕೂ ಹೊಂದಿಕೆ ಇರಲಿಲ್ಲ. ಪರದೆ ಅಗಲ ಜಾಸ್ತಿ. ಹಾಗೇ ಬಿಟ್ಟರೆ ಯಂತ್ರ ಇಡೀ ಪಾಟಿಯನ್ನು ಇಡೀ ಪರದೆಗೆ ಹಿಗ್ಗಿಸುತ್ತಿತ್ತು. ಗೆರೆ ಅಡ್ಡಕ್ಕೆ ಉದ್ದವಾಗುತ್ತಿತ್ತು, ನೂರು ಅಡಿಯ ಜಾಗದಲ್ಲಿ ನೂರಾ ಹನ್ನೊಂದು. ಅದಕ್ಕೇ ಪಾಟಿಯ ಕೆಳಗಿನ ಒಂದು ಪಟ್ಟಿಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬಳಸುವಂತೆ ಆ ಗೆಳೆಯರು ಸೆಟ್ಟಿಂಗ್ ಮಾಡಿಟ್ಟಿದ್ದರು. ಕಾಕಾ ಅದರ ಮೇಲೂ ಒಂದು ಕಾವಲು ಹಾಕಿದ್ದರು. ದಿನಾ ಮುಂಜಾನೆ ಕೆಲಸಕ್ಕೆ ಕೂರುವವರು ಪಾಟಿಯ ಮೇಲೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಅದರ ಸುತ್ತ ಪೆನ್ನು ಎಳೆಯಬೇಕು, ಪರದೆಯ ಮೇಲೆ ಗುಂಡಗೆ ಬಂದಿದೆಯೇ ನೋಡಬೇಕು, ಆ ವರ್ತುಲವನ್ನು ತಾರೀಖು ಹಾಕಿ ಉಳಿಸಬೇಕು.

ಒಂದು ಗುರುವಾರ ಕಾಕಾ ಸಂಬಂಧಿಕರ ಲಗ್ನಕ್ಕೆಂದು ಔರಾದಿಗೆ ಹೋದರು. ಶನಿವಾರದವರೆಗೆ ರಜೆ. ಅಂದು ನನ್ನ ಮೊಬೈಲಿನ ಚಾರ್ಜು ಮುಗಿದಿತ್ತು. ಕಂಪ್ಯೂಟರಿನಲ್ಲಿ ಖಾಲಿ ತೂತು ಕಾಣಲಿಲ್ಲ. ಪಾಟಿಯ ವೈರು ಕಿತ್ತು ಮೊಬೈಲ್ ಸಿಕ್ಕಿಸಿದೆ. ಅರ್ಧ ಗಂಟೆಯ ನಂತರ ಮತ್ತೆ ಪಾಟಿ ಚುಚ್ಚಿ, ಮುಚ್ಚಳ ಇಟ್ಟು ಗೆರೆ ಎಳೆದೆ. ಪರದೆಯ ಮೇಲೆ ಮೂಡಿದ್ದು ಮಲಗಿಸಿದ ಮೊಟ್ಟೆ.

ವೈರು ಕಿತ್ತ ಕ್ಷಣಕ್ಕೆ ಸೆಟ್ಟಿಂಗ್ ಹಾರಿಹೋಗಿತ್ತು. ಅದನ್ನು ಮತ್ತೆ ಕೂರಿಸುವುದು ಹೇಗೆಂದು ನನಗೆ ತಿಳಿಯದು. ಮಾಲೀಕರು ಬಾಗಿಲಲ್ಲಿ ನಿಂತು, "ಎಕಂಬಾ ಊರಿನ ನಕ್ಷಾ ಇವತ್ತ ಹೋಗ್ಬೇಕು ನೋಡವಾ, ಅವರು ಶನಿವಾರ ಬದುವಿನ ಕಲ್ಲು ಹುಗೀತಾರ" ಅಂದರು. ಕೇಳಿದರೆ ದಡ್ಡಿ ಅಂದುಕೊಂಡಾರು ಎಂಬ ಹೆದರಿಕೆ. ಇಷ್ಟು ಸಣ್ಣ ಸೊಟ್ಟ ಯಾರಿಗೆ ಕಾಣುತ್ತದೆ ಎಂಬ ಭಂಡತನ. ಆ ಮೊಟ್ಟೆಯನ್ನು ಅಳಿಸಿದೆ. ಪ್ರೋಗ್ರಾಮಿನಲ್ಲೇ ವರ್ತುಲ ಹಾಕುವ ಸಾಧನ ಇರುತ್ತದಲ್ಲ, ಅದರಿಂದ ಒಂದು ದುಂಡನೆಯ ವರ್ತುಲ ಹಾಕಿ ತಾರೀಖು ಬರೆದು ಉಳಿಸಿದೆ. ಶುಕ್ರವಾರ, ಶನಿವಾರವೂ ಹಾಗೇ ಮಾಡಿದೆ. ಆ ಮೂರು ದಿನದಲ್ಲಿ ನಾಲ್ಕು ನಕ್ಷೆ ಬರೆದೆ. ಮೂರು ಆಫೀಸಿನಲ್ಲೇ ಇದ್ದವು. ಎಕಂಬಾದ್ದು ಗುರುವಾರವೇ ಹೋಗಿತ್ತು.

ಸೋಮವಾರ ಕಾಕಾ ಬಂದರು, ಕೈ ತೊಳೆದರು, ಮುಚ್ಚಳ ಇಟ್ಟು ಗೆರೆ ಎಳೆದರು. ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಿನ ದಿನಗಳ ವರ್ತುಲಗಳನ್ನು ಒಂದೊಂದಾಗಿ ತೆರೆದರು. ನಾನು ಪಕ್ಕದ ಮೇಜಿನಲ್ಲಿ ಕುಳಿತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ಎದ್ದು ಮಾಲೀಕರ ಬಳಿ ಹೋಗಿ, "ಪಾಟಿ ಸೆಟ್ಟಿಂಗ್ ಬಿಟ್ಟದ್ರಿ. ನಾಲ್ಕು ನಕ್ಷಾ ತಪ್ಪಾಗ್ಯಾವ. ಮೂರು ನಾ ಇವತ್ತೇ ಬರ್ಕೊಡ್ತೇನಿ. ಎಕಂಬಾಕ್ಕ ನಾಳೆ ಹೋಗ್ಬೇಕು" ಎಂದರು.

ಮಾಲೀಕರು ಕೆಟ್ಟವರಲ್ಲ. ಆದರೆ ಕೊಟ್ಟ ನಕ್ಷೆಯನ್ನು ತಪ್ಪೆಂದು ಹೇಳಿಕೊಂಡರೆ ಆಫೀಸಿನ ಹೆಸರು ಏನಾಗಬೇಕು? "ಕಲ್ಲು ಹುಗದಾಗ್ಯದಲ್ಲ ಕಾಕಾ. ಇಬ್ಬರೂ ಒಪ್ಪ್ಯಾರ. ಈಗ ಯಾರಿಗಿ ಗೊತ್ತಾಗ್ತದ?"

"ನನಗ ಗೊತ್ತಾಗ್ಯದಲ್ರಿ."

ಅಷ್ಟೇ. ದನಿ ಏರಿಸಲಿಲ್ಲ.

ಮರುದಿನ ಮುಂಜಾನೆ ನನ್ನನ್ನೂ ಕರೆದುಕೊಂಡು ಹೊರಟರು, ಟೇಪು ಹಿಡಿಯಲು ಒಬ್ಬರು ಬೇಕೆಂದು. ಔರಾದಿನವರೆಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಹೇಳಿಬಿಡಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಅವರು ಕಿಟಕಿಯಾಚೆಯ ಹೊಲಗಳನ್ನು ತೋರಿಸುತ್ತಾ, ಯಾವ ಊರಿನ ನಕ್ಷೆಯಲ್ಲಿ ಹಳ್ಳ ಎಲ್ಲಿ ತಿರುಗುತ್ತದೆ ಎಂದು ಹೇಳುತ್ತಾ ಕುಳಿತರು. ಮೂವತ್ತು ವರ್ಷದ ಕೆಳಗೆ ಬರೆದ ಗೆರೆಗಳು ಅವರಿಗೆ ನೆನಪಿದ್ದವು.

ಎಕಂಬಾದ ಆ ಹೊಲದಲ್ಲಿ ಸೋಯಾ ತೆಗೆದಾಗಿತ್ತು, ತೊಗರಿ ನಿಂತಿತ್ತು. ಒಂದು ಕಡೆ ಒಬ್ಬ ಮುದುಕಿಯ ಹೊಲ. ಊರವರು ಅವಳನ್ನು ಆಯಿ ಎನ್ನುತ್ತಿದ್ದರು. ಇನ್ನೊಂದು ಕಡೆ ನಲವತ್ತರ ಒಬ್ಬ ಗಟ್ಟಿಮುಟ್ಟಾದ ಗೃಹಸ್ಥನದು. ನಡುವಿನ ಬದು ವರ್ಷಾನುಗಟ್ಟಲೆ ನೇಗಿಲಿಗೆ, ಟ್ರ್ಯಾಕ್ಟರಿಗೆ ಸಿಕ್ಕಿ ಅಳಿಸಿಹೋಗಿತ್ತು. ನಮ್ಮ ನಕ್ಷೆಯ ಪ್ರಕಾರ ಮೂರು ಹೊಸ ಕಲ್ಲು ನೆಟ್ಟಿದ್ದರು. ರಸ್ತೆಯಿಂದ ಅಳೆದರೆ ಮೊದಲು ಅವನ ಹೊಲ, ಆಚೆಗೆ ಅವಳದು. ಅಡ್ಡ ಗೆರೆ ಹಿಗ್ಗಿದ್ದರಿಂದ ಕಲ್ಲು ಅವಳ ಹೊಲದೊಳಗೆ ಹೋಗಿತ್ತು. ಅವಳ ನಾಲ್ಕೈದು ಸಾಲು ತೊಗರಿ ಪೂರ್ತಿ ಕಲ್ಲಿನ ಈಚೆಗೆ, ಅವನ ಕಡೆಗೆ ಬಂದಿತ್ತು. ಆಯಿ ಒಪ್ಪಿಕೊಂಡಿದ್ದಳು, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲವೆಂದು.

ಕಾಕಾ ಇಬ್ಬರಿಗೂ ಕೈಮುಗಿದು, "ನಕ್ಷಾ ತಪ್ಪದ್ರಿ. ನಮ್ಮ ಕೈಲಿಂದ ಆಗ್ಯದ" ಎಂದರು.

ಆ ಗೃಹಸ್ಥನ ಮುಖ ಬಿಗಿಯಿತು. "ಹಾಂಗಂದ್ರ ಹ್ಯಾಂಗ್ರಿ? ಹುಡುಗಾಟಗಿ ಏನು ಇದು? ಪಂಚರ ಮುಂದ ಕಲ್ಲು ಹುಗದೇವಿ. ಈಗ ಬಂದು ತಪ್ಪು ಅಂತೀರಿ. ಈ ಮುದುಕಿ ಏನರ ಹೇಳ್ಕಳಿಸ್ಯಾಳೇನು ನಿಮಗ?"

ಕಾಕಾ ವಾದ ಮಾಡಲಿಲ್ಲ. ಹಳೆಯ ನಕ್ಷೆಯನ್ನು ಒಂದು ತಗಡಿನ ಮೇಲೆ ಹರಡಿದರು, ನಾಲ್ಕು ಮೂಲೆಗೆ ನಾಲ್ಕು ಮಣ್ಣಿನ ಹೆಂಟೆ ಇಟ್ಟರು. ಅದರ ಮೇಲೆ ಸ್ಕೇಲು ಇಟ್ಟು, ಆ ಮನುಷ್ಯನನ್ನೇ ಕರೆದು, "ರಸ್ತೆಯಿಂದ ನಡುವಿನ ಬದುವಿನ ತನಕ ಎಷ್ಟದ, ನೀವೇ ಓದ್ರಿ" ಎಂದರು. ಅವನು ಬಗ್ಗಿ ನೋಡಿ ಓದಿದ. ಲೆಕ್ಕ ಹಾಕಿದರೆ ಇನ್ನೂರಾ ಹನ್ನೆರಡು ಅಡಿ. ಆಮೇಲೆ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು ರಸ್ತೆಯ ಬದಿ ನಿಲ್ಲಿಸಿ, ಸುರುಳಿಯನ್ನು ಅವನ ಕೈಗೇ ಕೊಟ್ಟರು. "ನಡೀರಿ. ನಾ ಮುಟ್ಟಂಗಿಲ್ಲ." ಟೇಪು ಐವತ್ತು ಅಡಿಯದು. ಐದು ಸಲ ನಾನು ಬಗ್ಗಿ ಎದ್ದೆ, ಅವನು ನಡೆದ. ಕಲ್ಲಿನ ಹತ್ತಿರ ಬಂದು ನಿಂತಾಗ ಅವನೇ ಓದಬೇಕಾಯಿತು. ಓದಿದ. ಇನ್ನೂರಾ ಮೂವತ್ತೈದು.

ಆಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅವನು ಕಲ್ಲನ್ನೊಮ್ಮೆ, ಟೇಪನ್ನೊಮ್ಮೆ ನೋಡಿ, "ತಪ್ಪು ಯಾರು ಮಾಡಿದ್ರಿ?" ಎಂದು ಕೇಳಿದ.

"ನಮ್ಮ ಆಫೀಸಿಂದ್ರಿ" ಎಂದರು ಕಾಕಾ.

ಆ ಹೊತ್ತಿಗೆ ನನ್ನ ಒಳಗೆ ಏನಾಯಿತೋ. ರಸ್ತೆಯಿಂದ ಅಲ್ಲಿಯವರೆಗೆ ಅಷ್ಟೂ ಅಡಿ ನನ್ನ ಕಾಲ ಕೆಳಗೇ ಅಳೆದು ಬಂದಿದ್ದೆನಲ್ಲ. "ನಾ ಮಾಡಿದ್ದು ರಿ" ಎಂದೆ. "ವೈರು ನಾ ಕಿತ್ತಿದ್ದೆ. ಗೆರಿ ಸೊಟ್ಟ ಬರೋದೂ ನನಗ ಗೊತ್ತಿತ್ತು. ಮುಚ್ಚಿಟ್ಟೆ."

ಅವನು ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ತನ್ನ ಹೊಲದ ಗುಡಿಸಲಿಗೆ ಹೋಗಿ ಹಾರೆ ತಂದ. ತಾನೇ ಮೊದಲ ಕಲ್ಲು ಕಿತ್ತ. ಆಯಿ ಹತ್ತಿರ ಬಂದು ನನ್ನ ಮೊಣಕೈ ಹಿಡಿದು, "ಬಿಸಲಾಗ ನಿಂತಿ, ಮೋರಿ ಕೆಂಪಗಾಗ್ಯದ, ನೀರು ಕುಡಿ ಬಾ" ಎಂದಳು. ನನ್ನ ಮುಖ ಕೆಂಪಾದದ್ದು ಬಿಸಿಲಿಗಲ್ಲವೆಂದು ಅವಳಿಗೂ ಗೊತ್ತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಕೇಳಿದೆ: "ನಿಮಗ ಯಾವಾಗ ತಿಳೀತು ಕಾಕಾ, ನಾನೇ ಅಂತ?"

"ಸೋಮವಾರನೇ. ನಿಮ್ಮ ವರ್ತುಲ ನೋಡಿದೆ. ಭಾಳ ಗುಂಡಗಿತ್ತು. ಮನಷ್ಯಾನ ಕೈಲಿ ಬರ್ದಿದ್ದು ಅಷ್ಟು ಗುಂಡಗ ಇರಂಗಿಲ್ರಿ."

"ಮತ್ತ ಯಾಕ ಕೇಳ್ಲಿಲ್ಲ?"

"ನೀವೇ ಹೇಳ್ತೀರೇನೋ ಅಂತ ನೋಡಿದೆ. ಎಕಂಬಾ ತನಕ ಟೈಮ್ ಇತ್ತಲ್ಲ."

ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಅವರು ಅದನ್ನು ಕಾಣದವರಂತೆ ಟಿಕೇಟು ಹುಡುಕುತ್ತಾ ಕುಳಿತರು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡಂತೆ ಅಂದರು: "ನಿಮ್ಮದೊಂದೇ ತಪ್ಪಲ್ರಿ. ವೈರು ಇರೋದೇ ಕೀಳಾಕ, ಹಚ್ಚಾಕ. ಕಸಾ ಹೊಡಿಯೋರು ಕೀಳ್ತಾರ, ಇಲಿ ಕೀಳ್ತದ. ಕಿತ್ತ ಕೂಡ್ಲೇ ಮರೆಯೋ ಯಂತ್ರದ ಮ್ಯಾಲ ಮಂದಿ ಹೊಲ ಬಿಟ್ಟು ಕುಂತೇವಲ್ಲ, ಅದು ನನ್ನ ತಪ್ಪು."

ಮರುದಿನದಿಂದ ಅವರು ಕಲಿಯಲು ಕುಳಿತರು. ನಾನು ಕಂಡ ಆಶ್ಚರ್ಯಗಳಲ್ಲಿ ಅದೇ ದೊಡ್ಡದು. ಇಂಗ್ಲಿಷ್ ಅವರಿಗೆ ನಕ್ಷೆಯ ಮೇಲಿನ ಹೆಸರು ಬರೆಯುವಷ್ಟು ಬರುತ್ತಿತ್ತು, ಓದಿ ತಿಳಿಯುವಷ್ಟು ಬರುತ್ತಿರಲಿಲ್ಲ. ಒಂದು ದಪ್ಪ ಇಂಗ್ಲಿಷ್-ಕನ್ನಡ ಶಬ್ದಕೋಶ ತಂದು ಮೇಜಿನ ಮೇಲಿಟ್ಟರು. ಕಂಪ್ಯೂಟರಿನ ಒಳಗೇ ಇರುವ ಕೈಪಿಡಿಯ ಪುಟಗಳನ್ನು ತೆರೆದು, ದಿನಾ ಕೆಲಸ ಶುರುವಾಗುವ ಮೊದಲು ಒಂದು ಗಂಟೆ, ಶಬ್ದಕ್ಕೆ ಶಬ್ದ ಹುಡುಕುತ್ತಾ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದರು. ಮಾಲೀಕರು, "ಯಾರನ್ನರ ಕರಸೋಣ ಕಾಕಾ" ಎಂದರೆ, "ಕರಸ್ರಿ. ಅವರು ಹೋದ ಮ್ಯಾಲ ಮತ್ತ ಕಿತ್ರ?" ಎಂದು ಕೇಳಿದರು.

ಹತ್ತು ದಿನಕ್ಕೆ ಮೊದಲ ಗುಟ್ಟು ತಿಳಿಯಿತು. ಸೆಟ್ಟಿಂಗನ್ನು ಆಜ್ಞೆಗಳ ರೂಪದಲ್ಲಿ ಬರೆಯಬಹುದು. ನಾಲ್ಕು ಸಾಲು. ಅದನ್ನೊಂದು ಕಡತದಲ್ಲಿಟ್ಟು ಓಡಿಸಿದರೆ ಮೊಟ್ಟೆ ಮತ್ತೆ ಗುಂಡಾಗುತ್ತದೆ. ನಾನು ಚಪ್ಪಾಳೆ ತಟ್ಟಿದೆ. ಅವರು ತಲೆಯಾಡಿಸಿದರು. "ಇದನ್ನ ಯಾರರ ನೆನಪಿಟ್ಟು ಓಡಿಸ್ಬೇಕಲ್ರಿ. ಮರೆಯೋದು ಮನಷ್ಯಾನೂ ಮರೀತಾನ." ವೈರು ಚುಚ್ಚಿದ ಕೂಡಲೇ ಯಂತ್ರ ತಾನಾಗಿಯೇ ಆ ನಾಲ್ಕು ಸಾಲು ಓಡಿಸಬೇಕು. ಅದಕ್ಕೂ ದಾರಿ ಇದೆ, ಇಂಥ ಸಾಮಾನು ಹಚ್ಚಿದಾಗ ಇಂಥ ಕೆಲಸ ಮಾಡು ಎಂದು ಒಂದು ನಿಯಮ ಬರೆದಿಡಬಹುದು. ಬರೆದರು. ವೈರು ಕಿತ್ತು ಹಚ್ಚಿದರು. ಮೊಟ್ಟೆಯೇ ಬಂತು.

ಮತ್ತೆ ಏಳು ದಿನ. ನಿಯಮ ಸರಿಯಾಗಿತ್ತು, ಕಡತ ಸರಿಯಾಗಿತ್ತು, ಒಂದೊಂದೇ ನೋಡಿದರೆ ಎಲ್ಲವೂ ಸರಿ, ಕೂಡಿಸಿದರೆ ತಪ್ಪು. ಒಂದು ಮುಂಜಾನೆ ನಾನು ಬರುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. "ತಿಳೀತ್ರಿ! ನಾ ಭಾಳ ಅವಸರ ಮಾಡ್ಲಿಕ್ಕತ್ತಿದ್ದೆ. ವೈರು ಹಚ್ಚಿದ್ರೂ ಪಾಟಿ ಇನ್ನೂ ಒಳಗ ಬಂದು ಕುಂತಿರಂಗಿಲ್ಲ. ಹೊಸ್ತಿಲದಾಗ ಇರ್ತದ. ಅಷ್ಟರಾಗ ನಾ ಕೆಲಸ ಹೇಳಿದ್ರ ಯಾರು ಕೇಳ್ತಾರ? ಬಂದೋರಿಗಿ ಮೊದಲ ಕೂಡಾಕ ಬಿಡ್ಬೇಕು." ಎರಡು ಸೆಕೆಂಡು ತಡೆ ಎಂಬ ಒಂದು ಸಾಲು ಸೇರಿಸಿದ್ದರು. ವೈರು ಕಿತ್ತರು. ಹಚ್ಚಿದರು. ಮುಚ್ಚಳದ ಸುತ್ತ ಗೆರೆ ಎಳೆದರು. ಗುಂಡಗಿತ್ತು. ಅವರ ಕೈಯ ಸಣ್ಣ ನಡುಕವೂ ಅದರಲ್ಲಿತ್ತು. ಮತ್ತೆ ಕಿತ್ತರು, ಹಚ್ಚಿದರು, ಎಳೆದರು. ಕಂಪ್ಯೂಟರ್ ಬಂದ್ ಮಾಡಿ ಶುರು ಮಾಡಿ ನೋಡಿದರು. ಕಸ ಹೊಡೆಯುವ ಅಮ್ಮನನ್ನು ಕರೆದು, "ನೀವೊಮ್ಮೆ ಕೀಳ್ರಿ" ಎಂದರು. ಆಕೆ ಹೆದರುತ್ತಾ ಕಿತ್ತಳು. ಮಾಲೀಕರಿಂದ ಕೀಳಿಸಿದರು. ಕೊನೆಗೆ ನನ್ನ ಕಡೆ ತಿರುಗಿದರು. ನಾನು ಕಿತ್ತು, ಹಚ್ಚಿ, ಗೆರೆ ಎಳೆದೆ. ಅವರು ಬಗ್ಗಿ ನೋಡಿ, "ನಡೀತದ್ರಿ" ಎಂದರು.

ಆ ಉಪಾಯವನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಅವರಿಗೆ ಸರಿಬರಲಿಲ್ಲ. ಇಂಥ ತೊಂದರೆ ಹೇಳಿಕೊಂಡವರ ಪ್ರಶ್ನೆಗಳಿರುವ ಒಂದು ವೆಬ್ ಪುಟವನ್ನು ಅವರು ಓದಿದ್ದರು. ಅದರಲ್ಲಿ ಶಬ್ದಕೋಶ ಹಿಡಿದು ಉತ್ತರ ಬರೆದರು, ಇಡೀ ಉತ್ತರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಅಂಥ ಪುಟಗಳಲ್ಲಿ ಎಲ್ಲ ದೊಡ್ಡಕ್ಷರವೆಂದರೆ ಕಿರುಚಿದ ಲೆಕ್ಕ. ಯಾರೋ ಅದಕ್ಕೆ, ಹೀಗೆ ಯಾಕೆ ಕಿರುಚುತ್ತೀರಿ ಎಂದು ಬರೆದರು. ಕಾಕಾ ಕಂಗಾಲಾದರು. "ನಾ ಯಾರ ಮ್ಯಾಲ ಕಿರಚೇನ್ರಿ? ನಕ್ಷಾದಾಗ ಹೆಸರು ದೊಡ್ಡ ಅಕ್ಷರದಾಗೇ ಬರೀಬೇಕಲ್ಲ!" ಕ್ಷಮೆ ಕೇಳಿ ಎಲ್ಲವನ್ನೂ ಸಣ್ಣಕ್ಷರದಲ್ಲಿ ಮತ್ತೆ ಬರೆದರು. ಕೆಲವು ವಾರದ ಮೇಲೆ ಯಾವುದೋ ದೂರದ ದೇಶದ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರೊಬ್ಬರು ಧನ್ಯವಾದ ಹೇಳಿದರು, ತಮ್ಮ ಕೆಲಸ ಉಳಿಯಿತೆಂದು. ನಾನು ಅದನ್ನು ಓದಿ ಅರ್ಥ ಹೇಳಿದೆ. ಕಾಕಾರ ಮುಖ ಅರಳಿತು. "ಅವರದು ಎಷ್ಟು ಎಕರೆ ಅದ, ಕೇಳ್ರಿ" ಎಂದರು.

ಕಣ್ಣು ಮಂಜಾದ ಮೇಲೆ ಅವರು ಆಫೀಸು ಬಿಟ್ಟರು. ನಾನೂ ಭಾಲ್ಕಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹೋದ ವರ್ಷ ಅದೂ ತಪ್ಪಿತ್ತು. ಆ ತಪ್ಪಿಗೆ ಈಗ ಯಾವ ಹೊಲಕ್ಕೆ ಹೋಗಿ ಕಲ್ಲು ಕೀಳಲಿ?

ಮಗಳ ಫೋನ್ ಬಂದ ಸಂಜೆ ಆ ವೆಬ್ ಪುಟ ತೆರೆದು ನೋಡಿದೆ. ಅವರ ಉತ್ತರದ ಕೆಳಗೆ ಹೊಸದೊಂದು ಪ್ರಶ್ನೆ ಕುಳಿತಿತ್ತು. ಹೊಸ ಆವೃತ್ತಿಯ ಲಿನಕ್ಸಿನಲ್ಲಿ ನಿಮ್ಮ ಆ ನಾಲ್ಕು ಸಾಲು ಕೆಲಸ ಮಾಡುತ್ತಿಲ್ಲ, ವೈರು ಕಿತ್ತರೆ ಮತ್ತೆ ಎಲ್ಲ ಹೋಗುತ್ತದೆ, ದಯವಿಟ್ಟು ದಾರಿ ತೋರಿಸಿ ಎಂದು. ಬರೆದ ತಾರೀಖು ನೋಡಿದೆ. ಅವರು ಹೋದ ಮರುದಿನ.

ನನಗೂ ಉತ್ತರ ಗೊತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಇರುವುದೂ ಅದೇ ಹೊಸ ಆವೃತ್ತಿ. ಪಾಟಿಯ ವೈರನ್ನು ಟೇಪಿನಿಂದ ಅಂಟಿಸಿ, ಕೀಳದಂತೆ ನೋಡಿಕೊಂಡು ದಿನ ದೂಡುತ್ತಿದ್ದೆ. ಆ ಟೇಪನ್ನು ಬಿಚ್ಚಿದೆ. ದಿನಾ ಮುಂಜಾನೆ ಗಿರಾಕಿಗಳು ಬರುವ ಮೊದಲು ಕುಳಿತೆ. ಹಳೆಯ ಆಜ್ಞೆಗಳ ಜಾಗದಲ್ಲಿ ಬೇರೆಯವು ಬಂದಿದ್ದವು, ಅವನ್ನು ಬರೆದಿಡುವ ಜಾಗವೂ ಬದಲಾಗಿತ್ತು. ಹನ್ನೆರಡು ದಿನ ಹಿಡಿಯಿತು. ಹತ್ತಾರು ಸಲ ಕಿತ್ತು ಹಚ್ಚಿ ನೋಡಿ, ನಿಂತಿತೆಂದು ಖಾತ್ರಿಯಾದ ಮೇಲೆ ಅವರ ಉತ್ತರದ ಕೆಳಗೆ ನನ್ನ ಉತ್ತರ ಬರೆದೆ. ಅವರು ಇಲ್ಲ ಎಂದು ತಿಳಿಸಬೇಕೆನ್ನಿಸಿತು. ಒಂದು ಸಾಲು ಬರೆದು ಅಳಿಸಿದೆ. ಕೇಳಿದವರಿಗೆ ಬೇಕಾಗಿದ್ದದ್ದು ದಾರಿ.

ಎರಡು ದಿನದ ಮೇಲೆ ಜವಾಬು ಬಂತು. ಪ್ರಶ್ನೆ ಕೇಳಿದ್ದ ಮನುಷ್ಯ ಹೆಸರು ನೋಡದೆ ನನ್ನನ್ನು ಕಾಕಾ ಎಂದೇ ತಿಳಿದಿದ್ದ. ಕೆಲಸ ಆಯಿತು, ಥ್ಯಾಂಕ್ಯೂ ಸರ್, ಇಷ್ಟು ವರ್ಷ ಆದರೂ ನೀವು ಉತ್ತರ ಕೊಡುತ್ತಲೇ ಇದ್ದೀರಿ ಎಂದು ಬರೆದಿದ್ದ.

ನಾನು ಅದನ್ನು ತಿದ್ದಲಿಲ್ಲ.